ಎರಡು ಬೆಕ್ಕು, ಒಂದು ಮನೆ: ಮೂಗು ಮೊದಲು, ಕಣ್ಣು ಆಮೇಲೆ

ಬೆಕ್ಕಿರುವ ಮನೆಯ ದಾರಂದವನ್ನು ಒಮ್ಮೆ ಬಗ್ಗಿ ನೋಡಿ. ನೆಲದಿಂದ ಸುಮಾರು ಒಂದು ಗೇಣು ಮೇಲೆ, ಎಣ್ಣೆಗೈ ಸವರಿದ ಹಾಗೆ ಕಂದು ಬಣ್ಣದ ಕಲೆಯೊಂದು ಕಾಣಿಸುತ್ತದೆ. ಗೋಡೆ ತಿರುಗುವ ಮೂಲೆಯಲ್ಲಿ, ಕಪಾಟಿನ ಅಂಚಿನಲ್ಲಿ ಕೂಡ ಅಂಥದ್ದೇ ಕಲೆ. ದಿನವೂ ಆ ದಾರಿಯಲ್ಲಿ ಹಾಯುವಾಗ ಬೆಕ್ಕು ಕೆನ್ನೆ ಉಜ್ಜಿ ಉಜ್ಜಿ ಆದದ್ದು ಅದು. ಬೆಕ್ಕಿನ ಕೆನ್ನೆ, ಗದ್ದ, ಹಣೆ, ಬಾಲದ ಬುಡ, ಅಂಗಾಲುಗಳಲ್ಲಿ ವಾಸನೆ ಒಸರುವ ಗ್ರಂಥಿಗಳಿವೆ. ನಮ್ಮ ಮೂಗಿಗೆ ಏನೂ ಹತ್ತದ ಆ ಕಲೆಯನ್ನು ಮೂಸಿದಾಗ ಬೆಕ್ಕಿಗೆ ಇದು ತನ್ನ ಜಾಗ, ಇಲ್ಲಿ ಹೆದರುವುದಕ್ಕೇನೂ ಇಲ್ಲ ಎಂಬ ಧೈರ್ಯ ಬರುತ್ತದೆ. ಅದರ ಮಟ್ಟಿಗೆ ಮನೆ ಎಂದರೆ ಪರಿಚಿತ ವಾಸನೆ ಹರಡಿದ ಕೆಲವು ದಾರಿಗಳು.

ಅಂಥ ಮನೆಯೊಳಗೆ ಇನ್ನೊಂದು ಬೆಕ್ಕನ್ನು ಗೋಣಿಚೀಲದಲ್ಲಿ ತಂದು ಚಾವಡಿಯ ನಡುವೆ ಬಿಚ್ಚಿ, "ಎರಡು ದಿನ ಕಚ್ಚಾಡಿ ಸರಿಹೋಗುತ್ತವೆ" ಎಂದು ಬಿಟ್ಟುಬಿಡುವುದು ನಮ್ಮ ಕರಾವಳಿ ಕಡೆಯ ರೂಢಿ. ಹೊಸದು ಎರಡು ಮೂರು ತಿಂಗಳ ಮರಿಯಾದರೆ ಕೆಲವೊಮ್ಮೆ ಸರಿಹೋಗುವುದೂ ಉಂಟು. ಎರಡೂ ಬೆಳೆದ ಬೆಕ್ಕುಗಳಾದರೆ ಮಾತ್ರ ಆ ಮೊದಲ ಐದು ನಿಮಿಷದ ಹೊಡೆದಾಟ ಎರಡರ ತಲೆಯಲ್ಲೂ ಕೂತುಬಿಡುತ್ತದೆ. ಅದನ್ನು ಮರೆಸಲು ತಿಂಗಳುಗಟ್ಟಲೆ ಹೆಣಗಬೇಕು.

ಮನೆಬೆಕ್ಕಿನ ಪೂರ್ವಜ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು, ಫೆಲಿಸ್ ಲಿಬಿಕಾ. ಅದು ಒಂಟಿ ಬೇಟೆಗಾರ. ಒಂದು ಇಲಿ ಒಂದೇ ಬೆಕ್ಕಿನ ಊಟ. ಹಂಚಿಕೊಂಡು ತಿನ್ನುವ ಸಂದರ್ಭವೇ ಇಲ್ಲದ್ದರಿಂದ ಹಿಂಡು ಕಟ್ಟುವ, ಜಗಳವಾದ ಮೇಲೆ ರಾಜಿಯಾಗುವ ನಾಯಿಯ ಗುಣ ಅದಕ್ಕೆ ಬರಲಿಲ್ಲ. ಬೆಕ್ಕಿನ ರಾಜಿ ಎಂದರೆ ದಾರಿ ಬಿಟ್ಟು ಸರಿಯುವುದು. ಸರಿಯಲು ಜಾಗ ಸಿಗದಾಗ ಉಗುರು ಹೊರಗೆ ಬರುತ್ತದೆ. ಹಾಗಾದರೆ ಮಲ್ಪೆ ಬಂದರಿನಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಬೆಕ್ಕುಗಳು ಒಟ್ಟಿಗೆ ಇರುವುದು ಹೇಗೆ ಎಂದು ಕೇಳಬಹುದು. ಅಲ್ಲಿ ಮೀನಿನ ತುಂಡಿಗೆ ಬರವಿಲ್ಲ, ಓಡಲು ಬೇಕಾದಷ್ಟು ಜಾಗವಿದೆ. ಇಂಥ ಗುಂಪುಗಳಲ್ಲಿ ಹೆಚ್ಚಾಗಿ ಇರುವುದು ತಾಯಿ, ಮಗಳು, ಅಕ್ಕತಂಗಿ. ಮೈಗೆ ಮೈ ಉಜ್ಜಿ ಅವಕ್ಕೆಲ್ಲ ಒಂದೇ ವಾಸನೆ ಹತ್ತಿರುತ್ತದೆ, ಆ ವಾಸನೆ ಇಲ್ಲದ ಬೆಕ್ಕು ಬಂದರೆ ಅಟ್ಟುತ್ತವೆ. ಮನೆಯಲ್ಲಿ ನಾವು ಮಾಡಬೇಕಾದ್ದೂ ಅಷ್ಟೇ: ಎರಡಕ್ಕೂ ಒಂದು ವಾಸನೆ ಹತ್ತಿಸಬೇಕು, ಮುಖಾಮುಖಿಯಾಗದೆ ಸರಿದುಹೋಗಲು ದಾರಿ ಕೊಡಬೇಕು.

ಮೊದಲು ಬೇರೆ ಕೋಣೆ

ಹೊಸ ಬೆಕ್ಕು ಬಂದ ದಿನವೇ ಅದಕ್ಕೊಂದು ಬಾಗಿಲು ಹಾಕಬಹುದಾದ ಕೋಣೆ ಬೇಕು. ಬಿಜೈ, ಕದ್ರಿ, ಮಣಿಪಾಲದ ಫ್ಲ್ಯಾಟುಗಳಲ್ಲಾದರೆ ಒಂದು ಮಲಗುವ ಕೋಣೆ ಸಾಕು. ಹಳೆಯ ಹಂಚಿನ ಮನೆಯಲ್ಲಿ ಸ್ವಲ್ಪ ನೋಡಿ ಆರಿಸಬೇಕು. ಒಳಗೋಡೆಗಳು ಮಾಡಿನವರೆಗೆ ಹೋಗಿರುವುದಿಲ್ಲ, ಬಾಗಿಲು ಹಾಕಿದರೂ ಬೆಕ್ಕು ಕಪಾಟು ಹತ್ತಿ ಗೋಡೆಯ ನೆತ್ತಿ ದಾಟಿ ಆಚೆ ಕೋಣೆಗೆ ಇಳಿಯುತ್ತದೆ. ಮುಚ್ಚಿಗೆ ಇರುವ ಕೋಣೆಯೇ ಆಗಬೇಕು. ಸೌದೆ ಕೊಟ್ಟಿಗೆ ಬೇಡ, ಅಲ್ಲಿ ಅಡಗಿಕೊಂಡರೆ ಹೊರಗೆ ತೆಗೆಯಲಾಗದು. ಒಲೆ ಉರಿಯುವ ಬಚ್ಚಲುಮನೆಯೂ ಬೇಡ.

ಆ ಕೋಣೆಯಲ್ಲಿ ಒಂದು ಮೂಲೆಗೆ ಲಿಟರ್ ಟ್ರೇ (ಬೆಕ್ಕು ಮಲಮೂತ್ರ ಮಾಡಲು ಮಣ್ಣೋ ಮರಳೋ ತುಂಬಿದ ತಟ್ಟೆ), ಅದರಿಂದ ಆದಷ್ಟು ದೂರಕ್ಕೆ ಊಟದ ತಟ್ಟೆ, ನೀರು ಬೇರೆಯೇ ಕಡೆ, ಅಡಗಲು ಮಗುಚಿದ ಒಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಗೆ ಎದುರುಬದುರು ಎರಡು ಬಾಯಿ ಕತ್ತರಿಸಿ. ಒಂದೇ ಬಾಯಿಯಾದರೆ ಒಳಗೆ ಕೂತ ಬೆಕ್ಕಿಗೆ ಅದು ಬೋನು. ಹಾಸಿಗೆಗೆ ಹಳೆಯ ಬೈರಾಸ (ಟವೆಲು) ಸಾಕು. ಆ ಬೈರಾಸವನ್ನು ಒಗೆಯಬೇಡಿ, ಮುಂದಿನ ಕೆಲಸವೆಲ್ಲ ಅದರಿಂದಲೇ ನಡೆಯುವುದು.

ಈ ಬೇರೆ ಕೋಣೆ ಕನಿಷ್ಠ 14 ದಿನ ಇರಲಿ. ಇದು ಬರೀ ಪರಿಚಯದ ಸಲುವಾಗಿ ಅಲ್ಲ. ಪ್ಯಾನ್‌ಲ್ಯೂಕೋಪೀನಿಯಾ ಎಂಬ ವಾಂತಿಭೇದಿಯ ಕಾಯಿಲೆ ಲಸಿಕೆ ಹಾಕದ ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ, ಅದರ ವೈರಾಣು ನೆಲದಲ್ಲಿ, ತಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮಳೆಗಾಲದಲ್ಲಿ ಬರುವ ಮರಿಗಳಲ್ಲಿ ಗಜಕರ್ಣ ಬಹಳ. ಕಿವಿಯಂಚಿನಲ್ಲೋ ಕಾಲಲ್ಲೋ ಕೂದಲು ಉದುರಿದ ದುಂಡು ಮಚ್ಚೆ ಕಂಡರೆ ಮುಟ್ಟಿದ ಕೈ ತೊಳೆದುಕೊಳ್ಳಿ, ಅದು ಮನುಷ್ಯರಿಗೂ ಹರಡುತ್ತದೆ. ಪಶುವೈದ್ಯರಲ್ಲಿ ತೋರಿಸಿ ಹುಳದ ಔಷಧಿ, ಚಿಗಟದ ಔಷಧಿ, ಲಸಿಕೆ ಇವಿಷ್ಟನ್ನೂ ಈ ದಿನಗಳಲ್ಲಿ ಶುರು ಮಾಡಿಸಬೇಕು. ನಾಯಿಗೆಂದು ತಂದ ಚಿಗಟದ ಔಷಧಿಯನ್ನು ಮಾತ್ರ ಬೆಕ್ಕಿಗೆ ಹಾಕಲೇಬೇಡಿ. ಹಲವು ನಾಯಿ ಔಷಧಿಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಇನ್ನು ಸಂತಾನಹರಣ ಶಸ್ತ್ರಚಿಕಿತ್ಸೆ. ಬೀಜ ತೆಗೆಸದ ಎರಡು ಗಂಡು ಬೆಕ್ಕುಗಳನ್ನು ಒಂದೇ ಮನೆಯಲ್ಲಿ ಹೊಂದಿಸುತ್ತೇವೆ ಎಂದು ಹೊರಡುವುದು ವ್ಯರ್ಥ ಪ್ರಯತ್ನ. ಐದಾರು ತಿಂಗಳಿಗೆಲ್ಲ ಮಾಡಿಸಬಹುದು. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರುವುದುಂಟು, ಆದ್ದರಿಂದ ತಡ ಮಾಡಬಾರದು. ಗಂಡು ಬೆಕ್ಕಿನ ಮೈಯ ಹಾರ್ಮೋನು ಇಳಿದು ಸ್ವಭಾವ ಬದಲಾಗಲು ಕೆಲವು ವಾರ ಬೇಕು. ಅಷ್ಟು ದಿನ ಹೆಣ್ಣು ಬೆಕ್ಕಿನಿಂದ ದೂರವೇ ಇರಲಿ, ಶಸ್ತ್ರಚಿಕಿತ್ಸೆಯಾದ ಒಂದು ತಿಂಗಳವರೆಗೂ ಗರ್ಭ ನಿಲ್ಲಿಸಬಲ್ಲದು.

ವಾಸನೆ ಬದಲಾಯಿಸುವ ಕೆಲಸ

ಹೊಸ ಬೆಕ್ಕು ಹೊಟ್ಟೆ ತುಂಬ ತಿಂದು, ಟ್ರೇ ಬಳಸಿ, ನೀವು ಒಳಗೆ ಹೋದಾಗ ಬಾಲವೆತ್ತಿ ಬರಲು ಶುರು ಮಾಡಿದ ಮೇಲೆ ಮುಂದಿನ ಹೆಜ್ಜೆ. ಕೆಲವಕ್ಕೆ ಮೂರು ದಿನ ಸಾಕು, ಕೆಲವಕ್ಕೆ ಹತ್ತು ದಿನ.

ಒಂದು ಒಣ ಬಟ್ಟೆಯಿಂದ ಹೊಸದರ ಕೆನ್ನೆ, ಗದ್ದ ಮೆಲ್ಲನೆ ಉಜ್ಜಿ. ಅದನ್ನು ಹಳೆಯದರ ಊಟದ ತಟ್ಟೆಯಿಂದ ಮೂರಡಿ ದೂರ ಇಟ್ಟುಬಿಡಿ. ಹಾಗೆಯೇ ಹಳೆಯದರ ಬಟ್ಟೆ ಹೊಸದರ ಕೋಣೆಗೆ. ಬಟ್ಟೆಯನ್ನು ಬೆಕ್ಕಿನ ಮೂಗಿಗೆ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ತಾನಾಗಿ ಬಂದು ಮೂಸಬೇಕು, ಬೇಡ ಎನಿಸಿದರೆ ದೂರ ಹೋಗುವ ಅವಕಾಶ ಇರಬೇಕು. ಬುಸುಗುಟ್ಟಿದರೆ ಗದರಬೇಡಿ, ಬಟ್ಟೆಯನ್ನು ಇನ್ನೆರಡಡಿ ಆಚೆ ಸರಿಸಿ. ಮೂಸಿ, ಏನೂ ಆಗದವರಂತೆ ತಿರುಗಿ ಊಟಕ್ಕೆ ಬಂದಿತೋ, ಆ ದಿನದ ಕೆಲಸ ಆಯಿತು. ಮರುದಿನ ತಟ್ಟೆಗೆ ಅರ್ಧ ಅಡಿ ಹತ್ತಿರ.

ಇದರ ಬೆನ್ನಿಗೆ, ಆ 14 ದಿನ ಕಳೆದ ಮೇಲೆ, ಜಾಗ ಬದಲಾವಣೆ. ದಿನಕ್ಕೆ ಒಂದೆರಡು ಗಂಟೆ ಹಳೆಯದನ್ನು ಹೊಸದರ ಕೋಣೆಯಲ್ಲಿ ಬಿಟ್ಟು, ಹೊಸದಕ್ಕೆ ಮನೆಯೆಲ್ಲ ತಿರುಗಾಡಲು ಬಿಡಿ. ಅದಲು ಬದಲು ಮಾಡುವಾಗ ಎರಡಕ್ಕೂ ಮುಖಾಮುಖಿಯಾಗಬಾರದು, ಒಂದನ್ನು ಬಚ್ಚಲಲ್ಲಿ ಎರಡು ನಿಮಿಷ ನಿಲ್ಲಿಸಿ ಇನ್ನೊಂದನ್ನು ದಾಟಿಸಿ. ಹೊಸ ಬೆಕ್ಕು ಅಡಗುವ ಜಾಗ, ಓಡುವ ದಾರಿ ಕಲಿಯುವುದು ಈಗಲೇ. ದಾರಿ ಗೊತ್ತಿರುವ ಬೆಕ್ಕು ಗಾಬರಿಯಾಗಿ ಓಡುವುದಿಲ್ಲ, ಓಡದ ಬೆಕ್ಕನ್ನು ಇನ್ನೊಂದು ಅಟ್ಟಿಸಿಕೊಂಡು ಹೋಗುವುದೂ ಕಡಿಮೆ.

ಇಲ್ಲಿ ಫಿನಾಯಿಲ್ ವಿಷಯ ಹೇಳಲೇಬೇಕು. ದಿನಾ ಬೆಳಿಗ್ಗೆ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುವ ಅಭ್ಯಾಸ ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ನೀರಿಗೆ ಬಿದ್ದೊಡನೆ ಹಾಲಿನಂತೆ ಬೆಳ್ಳಗಾಗುವ ಇಂಥ ದ್ರಾವಣಗಳಲ್ಲಿ ಹಲವದರಲ್ಲಿ ಫೀನಾಲ್ ಜಾತಿಯ ರಾಸಾಯನಿಕಗಳು ಇರುತ್ತವೆ, ಬೆಕ್ಕಿನ ಯಕೃತ್ತಿಗೆ ಅವನ್ನು ಕರಗಿಸಿ ಹೊರಹಾಕುವ ಶಕ್ತಿ ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಅಂಗಾಲು ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ. ಸಾಲದ್ದಕ್ಕೆ ಆ ಘಾಟು ಬೆಕ್ಕು ಹಚ್ಚಿಟ್ಟ ವಾಸನೆಯನ್ನೆಲ್ಲ ಮುಳುಗಿಸುತ್ತದೆ. ಪರಿಚಯ ನಡೆಯುವ ವಾರಗಳಲ್ಲಿ ಸಾದಾ ನೀರು, ಬೇಕಾದರೆ ಸ್ವಲ್ಪ ಸೋಪಿನ ನೀರು ಸಾಕು. ದಾರಂದದ ಆ ಕಂದು ಕಲೆಯನ್ನು ತಿಕ್ಕಿ ತೆಗೆಯಬೇಡಿ.

ಬಾಗಿಲ ಆಚೆ ಈಚೆ

ಈಗ ಇಬ್ಬರ ಊಟವೂ ಮುಚ್ಚಿದ ಬಾಗಿಲ ಎರಡು ಬದಿಗೆ. ಮೊದಲ ದಿನ ತಟ್ಟೆಗಳು ಬಾಗಿಲಿಂದ ಆರಾರು ಅಡಿ ದೂರ. ಎರಡೂ ತಲೆ ಬಗ್ಗಿಸಿ, ಕಿವಿ ಸಡಿಲ ಬಿಟ್ಟು ತಿಂದರೆ ಮುಂದಿನ ಊಟಕ್ಕೆ ಅರ್ಧ ಅಡಿ ಹತ್ತಿರ. ತಿನ್ನುವುದು ನಿಲ್ಲಿಸಿ ಬಾಗಿಲ ಸಂದಿಯನ್ನೇ ದಿಟ್ಟಿಸಿದರೆ, ಗಬಗಬ ನುಂಗಿ ಓಡಿದರೆ, ಒಂದಡಿ ಹಿಂದೆ. ಹಸಿದಿರುವಾಗಲೇ ಇದು ಫಲಿಸುವುದು. ದಿನವಿಡೀ ತಟ್ಟೆ ತುಂಬಿ ಇಡುವ ಪದ್ಧತಿ ಇದ್ದರೆ ಬಿಟ್ಟು ದಿನಕ್ಕೆ ಮೂರೋ ನಾಲ್ಕೋ ಹೊತ್ತು ಮಾಡಿ.

ಬಾಗಿಲ ಬಳಿಯ ಊಟದಲ್ಲಿ ಬೆಕ್ಕಿಗೆ ಅತ್ಯಂತ ಇಷ್ಟವಾದದ್ದೇ ಇರಬೇಕು, ಅದು ಬೇರೆ ಹೊತ್ತಿನಲ್ಲಿ ಸಿಗಲೇಬಾರದು. ಬೂತಾಯಿಯನ್ನೋ ಬಂಗುಡೆಯನ್ನೋ ಬರೀ ನೀರಿನಲ್ಲಿ ಬೇಯಿಸಿ, ಮುಳ್ಳು ಬಿಡಿಸಿ, ಉಗುರಿನಷ್ಟು ಚೂರು ಮಾಡಿ ದಿನದ ಊಟದ ಮೇಲೆ ನಾಲ್ಕಾರು ಚೂರು. ಉಪ್ಪು, ಮೆಣಸು ಬೇಡ. ಸಾರಿನಿಂದ ತೆಗೆದ ಹೋಳು ಖಂಡಿತ ಬೇಡ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಹಸಿ ಮೀನು ಅಭ್ಯಾಸವಾದರೆ ಕೆಲವು ಜಾತಿಯ ಮೀನಿನಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ಹಾಳುಮಾಡುತ್ತದೆ, ಬೇಯಿಸಿದರೆ ಆ ತೊಂದರೆ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಮೀನು ದುಬಾರಿ. ಮೇ ತಿಂಗಳಲ್ಲೇ ಬೇಯಿಸಿ ಸಣ್ಣ ಪೊಟ್ಟಣ ಕಟ್ಟಿ ಫ್ರೀಜರಿನಲ್ಲಿಟ್ಟುಕೊಳ್ಳಬಹುದು. ಒಣಮೀನು ಬದಲಿಯಾಗದು, ಅದರಲ್ಲಿ ಉಪ್ಪು ವಿಪರೀತ. ಮೀನು ಒಳಗೆ ಬಾರದ ಮನೆಗಳಲ್ಲಿ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಪೌಚ್ ಆಹಾರ ಆಗುತ್ತದೆ. ಹಾಲು ಬೇಡ, ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಜೀರ್ಣವಾಗುವುದಿಲ್ಲ.

ತಟ್ಟೆಗಳು ಬಾಗಿಲಿಗೆ ತಾಗುವಷ್ಟು ಹತ್ತಿರ ಬಂದು, ಎರಡು ಮೂರು ದಿನ ಗಲಾಟೆಯಿಲ್ಲದೆ ಕಳೆದ ಮೇಲೆ ಕಣ್ಣಿನ ಸರದಿ. ನಮ್ಮ ಊರಿನ ಮನೆಗಳಲ್ಲಿ ಇದಕ್ಕೊಂದು ಅನುಕೂಲವಿದೆ: ಸೊಳ್ಳೆ ಬಾರದಂತೆ ಹಾಕಿಸಿದ ನೆಟ್ ಬಾಗಿಲು. ಸ್ಟೀಲಿನ ಬಲೆಯಾದರೆ ಒಳ್ಳೆಯದು. ನೈಲಾನ್ ಬಲೆಯನ್ನು ಸಿಟ್ಟಿನ ಬೆಕ್ಕು ಒಂದೇ ಏಟಿಗೆ ಹರಿಯುತ್ತದೆ, ಹಾಗಿದ್ದರೆ ಕೆಳಗಿನ ಮೂರಡಿಗೆ ತಂತಿ ಜಾಳಿಗೆ ಹೊಡೆಸಿ. ಬಲೆಗೆ ಪೂರ್ತಿ ಮುಚ್ಚುವಂತೆ ಬೆಡ್‌ಶೀಟ್ ಇಳಿಬಿಟ್ಟು, ತಟ್ಟೆಗಳನ್ನು ಮತ್ತೆ ಆರಡಿ ಹಿಂದಕ್ಕೆ ಸರಿಸಿ. ಊಟ ಶುರುವಾದ ಮೇಲೆ ಶೀಟನ್ನು ನಾಲ್ಕು ಬೆರಳಷ್ಟು ಎತ್ತಿ. ಆಚೆಯವರ ಪಾದ ಮಾತ್ರ ಕಾಣಬೇಕು. ತಿಂದು ಮುಗಿಯುವ ಮೊದಲೇ ಇಳಿಸಿಬಿಡಿ. ಮರುದಿನ ಒಂದು ಗೇಣು, ಆಮೇಲೆ ಎರಡು. ಪೂರ್ತಿ ಎತ್ತಿದಾಗ ಎರಡೂ ಒಮ್ಮೆ ನೋಡಿ, ಕಣ್ಣು ಅರೆಮುಚ್ಚಿ, ಊಟಕ್ಕೆ ಮರಳಿದರೆ ಅರ್ಧ ಗೆದ್ದಂತೆ. ರೆಪ್ಪೆ ಮಿಟುಕಿಸದೆ ದಿಟ್ಟಿಸುವುದು ಬೆಕ್ಕಿನ ಲೋಕದಲ್ಲಿ ಸವಾಲು, ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುವುದು ಶಾಂತಿ.

ಬಾಗಿಲು ತೆಗೆಯುವ ದಿನ ಮನೆಯಲ್ಲಿ ಇಬ್ಬರು ಇರಬೇಕು. ಮೊದಲು ಎರಡನ್ನೂ ಬೇರೆ ಬೇರೆಯಾಗಿ ಹತ್ತು ನಿಮಿಷ ಆಡಿಸಿ ಸುಸ್ತು ಮಾಡಿ, ಕೋಲಿನ ತುದಿಗೆ ದಾರ, ದಾರದ ತುದಿಗೆ ಬಟ್ಟೆಯ ಚೂರು ಕಟ್ಟಿದರೆ ಸಾಕು. ಒಂದೊಂದು ಕೋಲು ಒಬ್ಬೊಬ್ಬರ ಕೈಯಲ್ಲಿ, ಬೆಕ್ಕುಗಳು ಕೋಣೆಯ ಎರಡು ತುದಿಯಲ್ಲಿ, ಅಗಲವಾದ ಒಂದು ರಟ್ಟು ಕೈಗೆ ಸಿಗುವ ಹಾಗೆ. ಮೊದಲ ಭೇಟಿ ಐದು ನಿಮಿಷ ಮೀರಬಾರದು, ಚೆನ್ನಾಗಿ ನಡೆಯುತ್ತಿದೆ ಎನ್ನುವಾಗಲೇ ಮುಗಿಸಬೇಕು. ಒಂದನ್ನು ಎತ್ತಿಕೊಂಡು ಇನ್ನೊಂದಕ್ಕೆ ತೋರಿಸುವುದು ಬೇಡ. ಕಾಲು ನೆಲಕ್ಕೆ ತಾಗದ ಬೆಕ್ಕಿಗೆ ಓಡಲು ದಾರಿಯಿಲ್ಲ, ಅದು ನಿಮ್ಮ ತೋಳನ್ನೇ ಪರಚಿ ಹಾರುತ್ತದೆ. ದಿನಕ್ಕೆ ಎರಡು ಭೇಟಿ, ಪ್ರತಿ ಸಲ ಕೆಲವು ನಿಮಿಷ ಹೆಚ್ಚು. ಒಂದು ಗಂಟೆ ಒಟ್ಟಿಗೆ ಶಾಂತವಾಗಿ ಕಳೆಯುವವರೆಗೂ ರಾತ್ರಿ ಮತ್ತು ಮನೆಯಲ್ಲಿ ಯಾರೂ ಇಲ್ಲದಾಗ ಬೇರೆ ಬೇರೆಯೇ ಇಡಬೇಕು. ಇಷ್ಟಕ್ಕೆ ಮರಿಯಾದರೆ ಎರಡು ಮೂರು ವಾರ ಹಿಡಿಯಬಹುದು, ಬೆಳೆದ ಬೆಕ್ಕುಗಳಾದರೆ ಎರಡು ತಿಂಗಳೂ ಆದೀತು. ಅವಸರ ಮಾಡಿದರೆ ಅಷ್ಟಕ್ಕಷ್ಟು ಹಿಂದೆ ಬೀಳುತ್ತೀರಿ.

ಹತ್ತು ಹನ್ನೆರಡು ವರ್ಷದ ಮುದಿ ಬೆಕ್ಕಿಗೆ ಜೊತೆಯಾಗಲಿ ಎಂದು ಮರಿ ತರುವವರಿದ್ದಾರೆ. ಅದರ ಕೀಲು ನೋಯುತ್ತಿರುತ್ತದೆ, ನಿದ್ದೆ ಬೇಕು. ಮರಿ ಬಾಲಕ್ಕೆ ಜೋತುಬೀಳುತ್ತದೆ. ಅಂಥ ಮನೆಗೆ ಮರಿ ಬೇಕೇ ಬೇಕಿದ್ದರೆ ಒಂದೇ ಸೂಲಿನ ಎರಡು ಮರಿ ತಂದರೆ ಅವು ತಮ್ಮಲ್ಲೇ ಆಡಿಕೊಳ್ಳುತ್ತವೆ.

ಹೊಸ್ತಿಲಲ್ಲಿ ಮಲಗಿದ ಬೆಕ್ಕು

ಕೂಗಾಟ, ಹೊಡೆದಾಟ ಇಲ್ಲದ ಮನೆಯಲ್ಲೂ ಒಂದು ಬೆಕ್ಕು ನರಳುತ್ತಿರಬಹುದು. ಈ ಚಿತ್ರ ಗಮನಿಸಿ: ಒಂದು ಬೆಕ್ಕು ಪಡಸಾಲೆಯಿಂದ ಬಚ್ಚಲಿಗೆ ಹೋಗುವ ಹೊಸ್ತಿಲಿಗೆ ಅಡ್ಡ ಮಲಗಿದೆ. ನೋಡಿದವರಿಗೆ ತಂಪಿಗೆ ಮಲಗಿದ ಹಾಗೆ. ಬಾಲದ ತುದಿ ಮಾತ್ರ ಪಟಪಟ ಅಲ್ಲಾಡುತ್ತಿದೆ. ಪಡಸಾಲೆಯಾಚೆ ಇನ್ನೊಂದು ಬೆಕ್ಕು ನಾಲ್ಕು ಹೆಜ್ಜೆ ಬಂತು, ಇದನ್ನು ಕಂಡಿತು, ನಿಂತಿತು, ನೆಲ ಮೂಸುವ ನೆವ ಮಾಡಿ ತಿರುಗಿ ಹೋಯಿತು. ಅದು ಹೊರಟದ್ದು ಟ್ರೇಗೆ. ಅರ್ಧ ಗಂಟೆಯ ನಂತರ ಸೋಫಾದ ಹಿಂದೆ ಉಚ್ಚೆ ಕಂಡಾಗ ಪೆಟ್ಟು ತಿನ್ನುವುದು ಈ ಎರಡನೆಯದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವ ಮಾತು ಎರಡು ಬೆಕ್ಕುಗಳ ನಡುವೆಯೇ ಹೀಗೆ ನಡೆಯುತ್ತದೆ.

ಮದ್ದು ಇರುವುದು ಮನೆಯ ಜೋಡಣೆಯಲ್ಲಿ. ಎರಡು ಬೆಕ್ಕಿಗೆ ಮೂರು ಟ್ರೇ ಎನ್ನುವುದು ಬಲ್ಲವರೆಲ್ಲ ಹೇಳುವ ಲೆಕ್ಕ. ಮೂರನ್ನೂ ಬಚ್ಚಲಲ್ಲೇ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ. ಒಂದು ಬಚ್ಚಲಲ್ಲಿ, ಒಂದು ಬಟ್ಟೆ ಒಗೆಯುವ ಬಾಲ್ಕನಿಯಲ್ಲಿ, ಒಂದು ಮಲಗುವ ಕೋಣೆಯ ಮೂಲೆಯಲ್ಲಿ, ಹೀಗೆ ಒಂದೇ ಬೆಕ್ಕು ಎಲ್ಲವನ್ನೂ ಕಾಯಲಾಗದಂತೆ ಹರಡಬೇಕು. ಟ್ರೇಯ ಉದ್ದ ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಅಳತೆಯ ಒಂದೂವರೆ ಪಟ್ಟು ಇರಲಿ, ಎಂದರೆ ಸುಮಾರು ಎರಡೂಕಾಲು ಅಡಿ. ಅಂಗಡಿಯ ಟ್ರೇಗಳು ಹೆಚ್ಚಿನವು ಇದಕ್ಕಿಂತ ಚಿಕ್ಕವು. ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯ ಒಂದು ಬದಿಯನ್ನು ಐದು ಇಂಚಿಗೆ ಕೊಯ್ದರೆ ಸಸ್ತಾದಲ್ಲಿ ಆಗುತ್ತದೆ. ಮುಚ್ಚಳದ ಟ್ರೇ ಬೇಡ, ಒಳಗಿರುವ ಬೆಕ್ಕಿಗೆ ಹೊರಗೆ ಯಾರು ಕಾದು ಕೂತಿದ್ದಾರೆ ಎಂದು ಕಾಣುವುದಿಲ್ಲ.

ಒಳಗೆ ಎರಡು ಇಂಚು ದಪ್ಪ ಲಿಟರ್. ಉಚ್ಚೆ ಬಿದ್ದೊಡನೆ ಗಟ್ಟಿಯಾಗುವ ಮಣ್ಣಿನ ಲಿಟರ್ ನಮ್ಮ ಮಳೆಗಾಲದ ತೇವಕ್ಕೆ ಗಾಳಿಯ ಪಸೆಯನ್ನೇ ಹೀರಿ ಅಂಟಾಗುತ್ತದೆ, ಚೀಲ ಒಡೆದೊಡನೆ ಮುಚ್ಚಳ ಬಿಗಿಯಾದ ಡಬ್ಬಿಗೆ ಸುರಿದಿಡಿ. ಹೊಯ್ಗೆ (ಮರಳು) ಬಳಸುವವರು ಹೊಳೆಯ ಹೊಯ್ಗೆಯನ್ನು ತೊಳೆದು ಬಿಸಿಲಿಗೆ ಒಣಗಿಸಬೇಕು. ಕಡಲ ಬದಿಯದ್ದು ಉಪ್ಪಿನ ದೆಸೆಯಿಂದ ಸದಾ ಪಸೆ. ಮರದ ಮಿಲ್ಲಿನ ಹುಡಿಯೂ ಆದೀತು, ಪ್ಲೈವುಡ್ಡಿನದ್ದು ಮಾತ್ರ ಬೇಡ. ದಿನಕ್ಕೆರಡು ಸಲ ಮಲ, ಉಚ್ಚೆಯ ಗಟ್ಟಿ ತೆಗೆಯಲೇಬೇಕು.

ಊಟದ ತಟ್ಟೆಗಳನ್ನು ಪಕ್ಕಪಕ್ಕದಲ್ಲಿಟ್ಟು, "ನೋಡಿ, ಒಟ್ಟಿಗೆ ತಿನ್ನುತ್ತವೆ" ಎಂದು ಸಂತೋಷಪಡುವವರು ಬಹಳ. ಹಸಿವು ಹೆಚ್ಚಾಗಿ ಸಹಿಸಿಕೊಂಡಿರುತ್ತವೆ, ಅಷ್ಟೇ. ಒಂದು ಗಬಗಬ ನುಂಗಿ ಆಮೇಲೆ ಕಕ್ಕುತ್ತದೆ, ಇನ್ನೊಂದು ಅರ್ಧ ಬಿಟ್ಟು ಹೋಗುತ್ತದೆ. ಪರಿಚಯ ಮುಗಿದ ಮೇಲೆ ಒಂದಕ್ಕೊಂದು ಕಾಣದ ಹಾಗೆ ಬೇರೆ ಬೇರೆ ಕಡೆ ಬಡಿಸುವುದೇ ಒಳ್ಳೆಯದು.

ಎತ್ತರವೂ ಜಾಗವೇ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ನೆಲ ಹೆಚ್ಚಿಸಲಾಗದು, ಗೋಡೆ ಬಳಸಬಹುದು. ಐದಾರು ಅಡಿ ಎತ್ತರದಲ್ಲಿ ಹತ್ತು ಇಂಚು ಅಗಲದ ಹಲಗೆ, ಅದಕ್ಕೆ ಹತ್ತಲು ಒಂದು ಕಡೆ, ಇಳಿಯಲು ಇನ್ನೊಂದು ಕಡೆ. ಒಂದೇ ದಾರಿ ಇದ್ದರೆ ಕೆಳಗೆ ಕೂತ ಬೆಕ್ಕು ಮೇಲಿನದನ್ನು ಸೆರೆ ಹಿಡಿದಂತೆ. ಮೂರಡಿ ಉದ್ದದ ಕಂಬಕ್ಕೆ ತೆಂಗಿನ ಹುರಿಹಗ್ಗ ಬಿಗಿಯಾಗಿ ಸುತ್ತಿ ಕದಲದಂತೆ ನಿಲ್ಲಿಸಿದರೆ ಪರಚಲು ಅದಕ್ಕಿಂತ ಒಳ್ಳೆಯದು ಬೇಡ. ಅಂಗಾಲಿನ ವಾಸನೆಯೂ ಅದಕ್ಕೆ ಹತ್ತುತ್ತದೆ, ಆದ್ದರಿಂದ ಎರಡು ಬೆಕ್ಕಿಗೆ ಎರಡು ಕಂಬ.

ದಾರಿ ಕಾಯುವ ಬೆಕ್ಕಿನ ಕೊರಳಿಗೆ, ಎಳೆದರೆ ತಾನೇ ಬಿಚ್ಚಿಕೊಳ್ಳುವ ಪಟ್ಟಿಯಲ್ಲಿ ಒಂದು ಗೆಜ್ಜೆ ಕಟ್ಟಿದರೆ ಇನ್ನೊಂದಕ್ಕೆ ಅದು ಎಲ್ಲಿದೆ ಎಂದು ತಿಳಿಯುತ್ತದೆ. ಚಿಕ್ಕ ಉಪಾಯ, ಆದರೆ ಹೆದರುವ ಬೆಕ್ಕಿಗೆ ದೊಡ್ಡ ನೆಮ್ಮದಿ. ಪ್ಲಗ್ಗಿಗೆ ಸಿಕ್ಕಿಸುವ, ಬೆಕ್ಕಿನ ವಾಸನೆಯನ್ನು ಹೋಲುವ ದ್ರವ ಹರಡುವ ಫೆರಮೋನ್ ಉಪಕರಣಗಳು ಕಿಟಕಿ ಬಾಗಿಲು ಸದಾ ತೆರೆದಿರುವ ನಮ್ಮ ಮನೆಗಳಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ, ಆ ಹಣದಲ್ಲಿ ಇನ್ನೊಂದು ಟ್ರೇ ತರುವುದು ಮೇಲು.

ಉಚ್ಚೆಯಾದ ಜಾಗವನ್ನು, ಕಿಣ್ವವಿರುವ ಬಟ್ಟೆಸೋಪಿನ ಪುಡಿಯನ್ನು ಹತ್ತು ಪಾಲು ನೀರಿಗೆ ಒಂದು ಪಾಲು ಬೆರೆಸಿ ತೊಳೆದು, ಆಮೇಲೆ ಬರೀ ನೀರಿನಲ್ಲಿ ತೊಳೆಯಬೇಕು. ಅಮೋನಿಯಾ ಇರುವ ಕ್ಲೀನರ್ ಹಾಕಿದರೆ ಉಚ್ಚೆಯ ವಾಸನೆಯೇ ಹೆಚ್ಚಿದಂತಾಗಿ ಮತ್ತೆ ಅಲ್ಲಿಗೇ ಬರುತ್ತದೆ. ಗಂಡು ಬೆಕ್ಕು ಪದೇಪದೇ ಟ್ರೇಗೆ ಹೋಗಿ ತಿಣುಕಿ, ಹನಿಯೂ ಬಾರದೆ ಹಿಂದಿರುಗುತ್ತಿದ್ದರೆ ಅದನ್ನು ಹಟ ಎಂದುಕೊಳ್ಳಬೇಡಿ. ಮೂತ್ರನಾಳ ಕಟ್ಟಿರಬಹುದು, ಜಗಳದ ಒತ್ತಡದಿಂದಲೂ ಹಾಗಾಗುತ್ತದೆ. ಅವತ್ತೇ ಪಶುವೈದ್ಯರಲ್ಲಿಗೆ ಒಯ್ಯದಿದ್ದರೆ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ.

ಆಟವೋ ಜಗಳವೋ

ಆಟ ಹೆಚ್ಚುಕಡಿಮೆ ನಿಶ್ಶಬ್ದ. ಒಮ್ಮೆ ಇದು ಮೇಲೆ, ಒಮ್ಮೆ ಅದು ಮೇಲೆ, ಉಗುರು ಒಳಗೆ, ನಡುವೆ ನಿಲ್ಲಿಸಿ ಮೈ ನೆಕ್ಕಿಕೊಂಡು ಮತ್ತೆ ಶುರು. ಜಗಳದಲ್ಲಿ ಕಿವಿ ತಲೆಗೆ ಅಂಟಿರುತ್ತದೆ, ಕೂದಲು ನಿಮಿರಿರುತ್ತದೆ, ಕಣ್ಣಿನ ಪಾಪೆ ಅಗಲ, ಗಂಟಲಿನಿಂದ ಏರಿಳಿವ ಊಳು. ಯಾವಾಗಲೂ ಒಂದೇ ಬೆಕ್ಕು ಅಟ್ಟುತ್ತದೆ, ಒಂದೇ ಬೆಕ್ಕು ಓಡುತ್ತದೆ ಎಂದಾದರೆ ಸದ್ದಿಲ್ಲದಿದ್ದರೂ ಅದು ಆಟವಲ್ಲ.

ಜಗಳ ಹತ್ತಿಕೊಂಡರೆ ಕೈ ಹಾಕಬೇಡಿ. ನಡುವೆ ರಟ್ಟನ್ನೋ ದಿಂಬನ್ನೋ ತೂರಿಸಿ ಕಣ್ಣಿಗೆ ಮರೆ ಮಾಡಿ. ಮರೆಯಾದೊಡನೆ ಒಂದು ಓಡುತ್ತದೆ, ಇನ್ನೊಂದನ್ನು ರಟ್ಟಿನಿಂದಲೇ ಬೇರೆ ಕೋಣೆಗೆ ತಳ್ಳಿ ಬಾಗಿಲು ಹಾಕಿ, ಕತ್ತಲೆ ಮಾಡಿ, ಆ ದಿನ ಸೇರಿಸಬೇಡಿ. ಬಡಿಗೆ, ನೀರೆರಚುವುದು ಬೇಡ. ಆ ಹೆದರಿಕೆಯೂ ಎದುರಿನ ಬೆಕ್ಕಿನ ಲೆಕ್ಕಕ್ಕೇ ಸೇರುತ್ತದೆ. ಮರುದಿನ ಮೈಯೆಲ್ಲ ತಡವಿ ನೋಡಿ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿದು ಮೇಲಿನ ತೂತು ಬೇಗ ಮುಚ್ಚಿಕೊಳ್ಳುತ್ತದೆ, ಎರಡರಿಂದ ನಾಲ್ಕು ದಿನದಲ್ಲಿ ಒಳಗೆ ಕೀವು. ಗಾಯ ಮುಖದಲ್ಲಿ, ಮುಂಗಾಲಲ್ಲಿದ್ದರೆ ಅದು ಎದುರು ನಿಂತು ಕಾದಿದ ಬೆಕ್ಕು, ಬಾಲದ ಬುಡದಲ್ಲಿದ್ದರೆ ಓಡುವಾಗ ಕಚ್ಚಿಸಿಕೊಂಡದ್ದು. ಯಾರಿಗೆ ಯಾರ ಭಯ ಎಂಬುದು 'ನಮ್ಮ ಎದುರು ಹೇಗಿರುತ್ತವೆ' ಎನ್ನುವುದಕ್ಕಿಂತ ಗಾಯದಿಂದ ಚೆನ್ನಾಗಿ ಗೊತ್ತಾಗುತ್ತದೆ. ಜ್ವರ ಬಂದಿದೆ ಎಂದು ಮನುಷ್ಯರ ಪ್ಯಾರಾಸಿಟಮಾಲ್ ಕೊಡಬೇಡಿ, ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಿಮ್ಮನ್ನೇ ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ, ಮನೆಯ ಬೆಕ್ಕು ಎಂದು ರೇಬಿಸ್ ಲಸಿಕೆಯ ವಿಷಯದಲ್ಲಿ ಉದಾಸೀನ ಬೇಡ.

ವರ್ಷಗಟ್ಟಲೆ ಚೆನ್ನಾಗಿದ್ದು ಒಮ್ಮೆಗೇ ಕೆಟ್ಟರೆ

ಇದಕ್ಕೆ ಹೆಚ್ಚಾಗಿ ಎರಡು ಕಾರಣ. ಒಂದು, ಆಸ್ಪತ್ರೆಯ ವಾಸನೆ. ಒಂದು ಬೆಕ್ಕು ಪಶುವೈದ್ಯರಲ್ಲಿಗೆ ಹೋಗಿ ಬಂದರೆ ಅದರ ಮೈಯಲ್ಲಿ ಸ್ಪಿರಿಟ್, ನಾಯಿಗಳ ವಾಸನೆ ತುಂಬಿ ಮನೆಯ ವಾಸನೆ ಮುಳುಗಿರುತ್ತದೆ. ಮನೆಯಲ್ಲಿದ್ದದ್ದಕ್ಕೆ ಅದು ಅಪರಿಚಿತ ಬೆಕ್ಕು. ಬಂದದ್ದನ್ನು ಬೇರೆ ಕೋಣೆಯಲ್ಲಿ ರಾತ್ರಿ ಕಳೆಯುವವರೆಗೆ ಬಿಡಿ, ಮೈ ನೆಕ್ಕಿಕೊಳ್ಳಲಿ, ಇನ್ನೊಂದು ಮಲಗುವ ಬೈರಾಸದಿಂದ ಮೆಲ್ಲನೆ ಒರೆಸಿ ಆಮೇಲೆ ಹೊರಗೆ ಬಿಡಿ.

ಎರಡನೆಯದು ಇನ್ನೂ ಮೋಸದ್ದು. ಕಿಟಕಿಯಲ್ಲಿ ಕೂತ ಬೆಕ್ಕು ಕಂಪೌಂಡ್ ಗೋಡೆಯ ಮೇಲೆ ಬೀದಿಯ ಗಂಡು ಬೆಕ್ಕನ್ನು ಕಂಡು ಕೆರಳುತ್ತದೆ, ಅದರ ಮೇಲೆ ಹೋಗಲಾಗದೆ ಪಕ್ಕದಲ್ಲಿದ್ದ ಒಡನಾಡಿಯ ಮೇಲೆ ಎರಗುತ್ತದೆ. ಭೂತದ ನೇಮಕ್ಕೋ ದೀಪಾವಳಿಗೋ ಹೊಡೆದ ಗರ್ನಾಲು ಪಟಾಕಿ, ಮೇ ತಿಂಗಳ ಸಿಡಿಲು ಕೂಡ ಇದೇ ಕೆಲಸ ಮಾಡುತ್ತವೆ. ಸದ್ದಾದ ಕ್ಷಣದಲ್ಲಿ ಎದುರಿಗಿದ್ದ ಬೆಕ್ಕೇ ಅದಕ್ಕೆ ಕಾರಣ ಎಂದು ಮನಸ್ಸಿಗೆ ಹೊಕ್ಕುಬಿಡುತ್ತದೆ. ಕೆರಳಿದ ಬೆಕ್ಕು ತಣ್ಣಗಾಗಲು ಗಂಟೆಗಳು ಬೇಕು, ಕೆಲವೊಮ್ಮೆ ಎರಡು ದಿನ. ಅಷ್ಟು ಹೊತ್ತು ಮುಟ್ಟದೆ, ಕತ್ತಲೆ ಕೋಣೆಯಲ್ಲಿ ನೀರು, ಟ್ರೇ ಇಟ್ಟು ಬಿಡಿ. ಕಿಟಕಿಯ ಕೆಳಗಿನ ಗಾಜಿಗೆ ಕಾಗದ ಅಂಟಿಸಿ, ಬೀದಿ ಬೆಕ್ಕಿಗೆ ಅಂಗಳದಲ್ಲಿ ಊಟ ಹಾಕುತ್ತಿದ್ದರೆ ಆ ಜಾಗವನ್ನು ಕಿಟಕಿಯಿಂದ ಕಾಣದ ಕಡೆಗೆ ಸರಿಸಿ. ಆಮೇಲೂ ಬುಸುಗುಟ್ಟುತ್ತಿದ್ದರೆ ಬಾಗಿಲು ಹಾಕಿ ಮೊದಲಿನಿಂದ ಶುರು: ಬಟ್ಟೆ, ತಟ್ಟೆ, ನೆಟ್ ಬಾಗಿಲು. ಈ ಸಲ ಬೇಗ ಮುಗಿಯುತ್ತದೆ.

ಸೇರಿದ ಮೇಲೂ ಎರಡು ಬೆಕ್ಕು ಒಂದರ ಮೇಲೊಂದು ಮಲಗಬೇಕೆಂದಿಲ್ಲ. ಸೋಫಾದ ಎರಡು ತುದಿಯಲ್ಲಿ ಒಂದಕ್ಕೊಂದು ಬೆನ್ನು ಹಾಕಿ ನಿದ್ದೆ ಹೋದರೆ ಅದೇ ದೊಡ್ಡ ನಂಬಿಕೆ, ವೈರಿಯ ಎದುರು ಬೆಕ್ಕು ಬೆನ್ನು ತಿರುಗಿಸುವುದಿಲ್ಲ. ಮೂರು ನಾಲ್ಕು ತಿಂಗಳು ಕ್ರಮವಾಗಿ ಮಾಡಿಯೂ ಒಂದು ಬೆಕ್ಕು ದಿನವಿಡೀ ಕಪಾಟಿನ ಮೇಲಿಂದ ಇಳಿಯುತ್ತಿಲ್ಲ, ಸೊರಗುತ್ತಿದೆ, ಹೊಟ್ಟೆಯ ಕೂದಲು ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿದೆ ಎಂದಾದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಮೈಯ ನೋವೂ ಬೆಕ್ಕನ್ನು ಸಿಡುಕಿ ಮಾಡುತ್ತದೆ. ಕಾಯಿಲೆಯೇನೂ ಇಲ್ಲದಿದ್ದರೆ ಮನೆಯನ್ನೇ ಹಂಚಿಕೊಡಬಹುದು: ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದಕ್ಕೆ ಚಾವಡಿ, ಮತ್ತೆ ಇನ್ನೊಂದಕ್ಕೆ, ರಾತ್ರಿ ಒಬ್ಬೊಬ್ಬರ ಕೋಣೆಯಲ್ಲಿ ಒಂದೊಂದು. ಹೀಗೆ ವರ್ಷಗಟ್ಟಲೆ ಸುಖವಾಗಿ ನಡೆಯುವ ಮನೆಗಳಿವೆ. ಅದೂ ಆಗದಿದ್ದರೆ ಹೊಸದಕ್ಕೆ ಬೇರೆ ಬೆಕ್ಕಿಲ್ಲದ ಮನೆ ಹುಡುಕಿ. ಕಳಿಸುವಾಗ ಲಸಿಕೆಯ ಚೀಟಿಯ ಜೊತೆ ಅದು ಮಲಗುತ್ತಿದ್ದ ಬೈರಾಸವನ್ನು ಒಗೆಯದೆ ಹಾಗೆಯೇ ಕೊಡಿ.